ಬೈಂಡ್ ಹಾಕಿ ಬಚ್ಚಿಟ್ಟ ಪುಸ್ತಕಗಳು

ನಾನು ಒಂದು ತಪ್ಪು ಮಾಡಿದ್ದೇನೆ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಆಮೇಲೆ ನಾಲ್ಕು ಜನರ ಜೊತೆ ಜಗಳ ಆಡಲು ನನಗೆ ಬಾಯಿ ಬಂದೀತು.

ಹತ್ತನೇ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದೆ. ಎರಡನೆಯ ಮಹಾಯುದ್ಧ. ಮೂರನೇ ಬೆಂಚಿನ ಹುಡುಗಿಯೊಬ್ಬಳು ತಲೆ ಬಗ್ಗಿಸಿ ಬಹಳ ಶ್ರದ್ಧೆಯಿಂದ ಪುಸ್ತಕ ನೋಡುತ್ತಿದ್ದಳು. ಪುಸ್ತಕಕ್ಕೆ ಕಂದು ಕಾಗದದ ಬೈಂಡ್, ಮೇಲೆ ಚೀಟಿ, ಚೀಟಿಯ ಮೇಲೆ "ಗಣಿತ" ಎಂದು ದುಂಡಗಿನ ಅಕ್ಷರ. ಸಮಾಜದ ಪೀರಿಯಡ್ಡಿನಲ್ಲಿ ಗಣಿತ ಮಾಡುವ ಮಕ್ಕಳು ಹೊಸಬರೇನಲ್ಲ, ಸುಮ್ಮನಿದ್ದೆ. ಆದರೆ ಅವಳು ಹಾಳೆಗಳನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸುತ್ತಿದ್ದಳು. ಗಣಿತವನ್ನು ಯಾರೂ ಹಾಗೆ ಓದುವುದಿಲ್ಲ. ಹೋಗಿ ಕಿತ್ತುಕೊಂಡೆ. ಜಪಾನಿನ ಚಿತ್ರಕಥೆಯ ಪುಸ್ತಕ, ಮಾಂಗಾ ಎನ್ನುತ್ತಾರಲ್ಲ, ಅದು. ಇಂಗ್ಲಿಷಿನಲ್ಲಿತ್ತು. ಜಪಾನಿನವರು ಬಲದಿಂದ ಎಡಕ್ಕೆ ಓದುವುದರಿಂದ ಅನುವಾದಗಳನ್ನೂ ಹಾಗೆಯೇ ಅಚ್ಚು ಹಾಕುತ್ತಾರೆ ಎಂದು ನನಗೆ ಆಗ ಗೊತ್ತಿರಲಿಲ್ಲ.

"ಎಸ್ಸೆಸ್ಸೆಲ್ಸಿ ವರ್ಷ, ನಾಚಿಕೆ ಆಗೋದಿಲ್ವಾ? ಗೊಂಬೆ ಪುಸ್ತಕ ಓದೋ ವಯಸ್ಸಾ ಇದು?" ಎಂದೆ. ತರಗತಿ ನಕ್ಕಿತು. ಮರುದಿನ ಅವಳ ತಾಯಿಯನ್ನು ಕರೆಸಿದೆ. ಆಕೆ ಹೊಲಿಗೆ ಕೆಲಸ ಬಿಟ್ಟು ಓಡಿಬಂದಿದ್ದರು. "ಇವಳ ದೊಡ್ಡಪ್ಪನ ಮಗಳು ಬೆಂಗಳೂರಿನಿಂದ ತಂದುಕೊಡ್ತಾಳೆ ಮೇಡಂ, ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂತ ಸುಮ್ಮನಿದ್ದೆ" ಎಂದರು. ನಾನು ಆಕೆಗೂ ನಾಲ್ಕು ಮಾತು ಹೇಳಿ ಕಳಿಸಿದೆ. ಆಕೆ ಮನೆಗೆ ಹೋಗಿ, ಇದ್ದ ಹನ್ನೊಂದು ಪುಸ್ತಕಗಳನ್ನೂ, ಅವುಗಳ ಜೊತೆ ಇದ್ದ ಎರಡು ಡ್ರಾಯಿಂಗ್ ಪುಸ್ತಕಗಳನ್ನೂ ಹಳೆ ಪೇಪರಿನವನಿಗೆ ತೂಕಕ್ಕೆ ಹಾಕಿದರು. ಮಗಳು ಮೂರು ವರ್ಷದಿಂದ ಚಿತ್ರ ಬರೆಯುತ್ತಿದ್ದದ್ದು ಆ ಡ್ರಾಯಿಂಗ್ ಪುಸ್ತಕಗಳಲ್ಲಿ. ಇದು ನನಗೆ ತಿಳಿದದ್ದು ಹದಿನೈದು ದಿನದ ಮೇಲೆ, ಅವಳ ಗೆಳತಿಯ ಬಾಯಿಂದ. ನಾನು ಆ ಅಂಗಡಿಗೆ ಹೋದೆ. ಲಾರಿ ಆಗಲೇ ಹೋಗಿತ್ತು.

ಅಷ್ಟರಲ್ಲಿ ನಾನು ಕಿತ್ತುಕೊಂಡ ಪುಸ್ತಕವನ್ನು ಓದಿಯೂ ಆಗಿತ್ತು. ಏನು ಕೆಟ್ಟದ್ದಿದೆ ಎಂದು ಹುಡುಕಿ ಇನ್ನಷ್ಟು ಬೈಯುವ ಉದ್ದೇಶದಿಂದಲೇ ಮನೆಗೆ ತಂದಿದ್ದೆ. ಫುಮಿಯೊ ಕೋನೊ ಎಂಬ ಲೇಖಕಿ ಬರೆದ "ಇನ್ ದಿಸ್ ಕಾರ್ನರ್ ಆಫ್ ದ ವರ್ಲ್ಡ್". ಆಕೆ ಹಿರೋಷಿಮಾದಲ್ಲೇ 1968ರಲ್ಲಿ ಹುಟ್ಟಿದವರು. ಕಥೆಯ ಸುಜು ಎಂಬ ಹುಡುಗಿಯನ್ನು 1944ರಲ್ಲಿ ಹಿರೋಷಿಮಾದಿಂದ ಕುರೆ ಎಂಬ ನೌಕಾಪಡೆಯ ಊರಿಗೆ ಮದುವೆ ಮಾಡಿಕೊಡುತ್ತಾರೆ. ಗಂಡನ ಮುಖ ಸರಿಯಾಗಿ ನೆನಪಿಲ್ಲ, ಹೊಸ ಮನೆ, ಅತ್ತೆಯ ಕಾಲು ನೋವು, ಮಾತು ಚುಚ್ಚುವ ನಾದಿನಿ. ಯುದ್ಧ ಎಂದು ಪಡಿತರ ಕಡಿಮೆಯಾಗುತ್ತ ಹೋಗುತ್ತದೆ. ಸುಜು ರಸ್ತೆ ಬದಿಯ ಸೊಪ್ಪು ಸದೆ ಕಿತ್ತು ತಂದು ಬೇಯಿಸುತ್ತಾಳೆ. ಹಿಡಿ ಅಕ್ಕಿಯನ್ನು ಹೆಚ್ಚಾಗಿ ಕಾಣುವ ಹಾಗೆ ಅರಳಿಸಿ ಅನ್ನ ಮಾಡುವುದು ಹೇಗೆ ಎಂಬುದನ್ನು ಪುಟಗಟ್ಟಲೆ ಚಿತ್ರ ಬರೆದು ತೋರಿಸಿದ್ದಾರೆ. ಅವಳಿಗಿರುವ ಒಂದೇ ಖುಷಿ ಚಿತ್ರ ಬರೆಯುವುದು. 1945ರಲ್ಲಿ ತಡವಾಗಿ ಸಿಡಿಯುವ ಬಾಂಬಿಗೆ, ಅವಳು ಕೈ ಹಿಡಿದು ನಡೆಸಿಕೊಂಡು ಹೋಗುತ್ತಿದ್ದ ನಾದಿನಿಯ ಮಗು ಬಲಿಯಾಗುತ್ತದೆ. ಸುಜುವಿನ ಬಲಗೈಯೂ ಹೋಗುತ್ತದೆ. ಅಲ್ಲಿಂದ ಮುಂದೆ ಪುಸ್ತಕದಲ್ಲಿ ಮನೆ, ಮರ, ಬೆಟ್ಟಗಳೆಲ್ಲ ಎಡಗೈಯಲ್ಲಿ ಬರೆದ ಹಾಗೆ ಸೊಟ್ಟಗೆ ಕಾಣುತ್ತವೆ. ಆಗಸ್ಟ್ 6ರ ಬೆಳಿಗ್ಗೆ ಸುಮಾರು 20 ಕಿಲೋಮೀಟರ್ ದೂರದ ಹಿರೋಷಿಮಾದ ಕಡೆಯಿಂದ ಒಂದು ಬೆಳಕು, ಆಮೇಲೆ ಒಂದು ಮೋಡ. ಅಷ್ಟೇ ತೋರಿಸುತ್ತಾರೆ. ತವರುಮನೆ ಏನಾಯಿತು ಎಂದು ಗೊತ್ತಾಗಲು ಅವಳು ಕಾಯಬೇಕು.

ರಾತ್ರಿ ಎರಡು ಗಂಟೆಯವರೆಗೆ ಓದಿದೆ. ಅನೇಕ ವರ್ಷಗಳಿಂದ ನಾನು ತರಗತಿಯಲ್ಲಿ "ಅಮೆರಿಕ ಹಿರೋಷಿಮಾ ಮತ್ತು ನಾಗಸಾಕಿಗಳ ಮೇಲೆ ಅಣುಬಾಂಬ್ ಹಾಕಿತು, ಜಪಾನ್ ಶರಣಾಯಿತು" ಎಂದು ಬರೆಸುತ್ತ ಬಂದಿದ್ದೇನೆ. ಎರಡು ಅಂಕದ ಪ್ರಶ್ನೆ. ಆ ದಿನ ನನ್ನ ತರಗತಿಯಲ್ಲಿ ಎರಡನೆಯ ಮಹಾಯುದ್ಧವನ್ನು ನಿಜವಾಗಿ ಕಲಿಯುತ್ತಿದ್ದವಳು ಒಬ್ಬಳೇ, ಅವಳ ಕೈಯಿಂದ ನಾನು ಪುಸ್ತಕ ಕಿತ್ತುಕೊಂಡೆ.

ಈಗ ಜಗಳಕ್ಕೆ ಬರುತ್ತೇನೆ. ನಾನು ಏಕೆ ಕಿತ್ತುಕೊಂಡೆ? ಅದರಲ್ಲಿ ಏನಿದೆ ಎಂದು ನೋಡಿಯಲ್ಲ. ಅದು ಎಂಥ ಜಾತಿಯ ಪುಸ್ತಕ ಎಂದು ನೋಡಿ. ಹೆಂಗಸರು, ಹುಡುಗಿಯರು ಓದುವ ಪುಸ್ತಕಗಳಿಗೆ ನಮ್ಮಲ್ಲಿ ಜಾತಿ ಕಟ್ಟಿದ್ದಾರೆ. ಪ್ರೇಮದ ಕಾದಂಬರಿ ಎಂದರೆ ಹಗುರ. ಮಾಟ ಮಾಯೆಯ ಕಥೆ ಎಂದರೆ ಬಾಲಿಶ. ಚಿತ್ರದ ಪುಸ್ತಕ ಎಂದರೆ ದಡ್ಡರದ್ದು. ಈ ತೀರ್ಪು ಕೊಟ್ಟವರಲ್ಲಿ ಬಹಳ ಮಂದಿ ಆ ಪುಸ್ತಕಗಳ ಹತ್ತು ಪುಟವನ್ನೂ ಓದಿದವರಲ್ಲ. ಆ ಪಟ್ಟಿಗೆ ನಾನೂ ಸೇರಿದ್ದೆ.

ನಮ್ಮಮ್ಮ ಓದಿದ್ದು ಲೋಯರ್ ಸೆಕೆಂಡರಿ. ವಾರಪತ್ರಿಕೆಯಲ್ಲಿ ಬರುವ ಧಾರಾವಾಹಿಯ ಹಾಳೆಗಳನ್ನು ಬ್ಲೇಡಿನಿಂದ ಕತ್ತರಿಸಿ, ಕಥೆ ಮುಗಿದ ಮೇಲೆ ದಬ್ಬಳದಲ್ಲಿ ತೂತು ಹೊಡೆದು ಗೋಣಿದಾರದಲ್ಲಿ ಹೊಲಿದು ಪುಸ್ತಕ ಮಾಡಿ ಇಡುತ್ತಿದ್ದಳು. ಅರಸೀಕೆರೆಯ ನಮ್ಮ ಬೀದಿಯಲ್ಲಿ ಆ ಪುಸ್ತಕಗಳು ಮನೆಯಿಂದ ಮನೆಗೆ ಸೆರಗಿನೊಳಗೆ ಹೋಗುತ್ತಿದ್ದವು. ಅಪ್ಪ "ಕಾದಂಬರಿ ಹಿಡಿದರೆ ಹಾಲು ಉಕ್ಕಿದ್ದೂ ತಿಳಿಯೋದಿಲ್ಲ ಇವಳಿಗೆ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆ ಅಪ್ಪ ಜಗುಲಿಯಲ್ಲಿ ಕುಳಿತು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಓದುತ್ತಿದ್ದರು. ಸೆರಗಿನೊಳಗೆ ಇಟ್ಟುಕೊಂಡಲ್ಲ, ಎಲ್ಲರಿಗೂ ಕಾಣುವ ಹಾಗೆ. ಇವತ್ತಿಗೂ ನರಸಿಂಹಯ್ಯನವರ ಹೆಸರೆತ್ತಿದರೆ ದೊಡ್ಡವರು "ಕನ್ನಡಿಗರಿಗೆ ಓದುವ ಹುಚ್ಚು ಹಿಡಿಸಿದವರು" ಎಂದು ಅಭಿಮಾನದಿಂದ ಹೇಳುತ್ತಾರೆ. ಆ ಮಾತು ನಿಜ, ಹೇಳಬೇಕಾದದ್ದೇ. ಆದರೆ ಅದೇ ಕೆಲಸವನ್ನು ಉಷಾ ನವರತ್ನರಾಂ, ಸಾಯಿಸುತೆ, ಎಚ್.ಜಿ. ರಾಧಾದೇವಿ ಅವರು ಮಾಡಿದಾಗ ಅದಕ್ಕೆ "ಅಡುಗೆಮನೆ ಸಾಹಿತ್ಯ" ಎಂದು ಹೆಸರಿಟ್ಟದ್ದು ಯಾವ ನ್ಯಾಯ? ಪುರುಷೋತ್ತಮ ಕಳ್ಳನನ್ನು ಹಿಡಿದರೆ ಓದುವ ಹುಚ್ಚು ಹಿಡಿಸಿದ ಹಾಗೆ, ಹುಡುಗಿಯೊಬ್ಬಳು ತನ್ನ ಮನಸ್ಸು ಯಾರನ್ನು ಬಯಸುತ್ತದೆ ಎಂದು ಯೋಚಿಸಿದರೆ ಹಾಲು ಉಕ್ಕಿದ ಹಾಗೆಯೇ?

ಅಡುಗೆಮನೆಯಲ್ಲಿ ಕುಳಿತು ಅಮ್ಮ ಓದಿದ್ದು ಏನು ಎಂದು ಸ್ವಲ್ಪ ಕೇಳಿ. ತ್ರಿವೇಣಿಯವರ "ಶರಪಂಜರ". ಬಾಣಂತಿಗೆ ಬುದ್ಧಿಭ್ರಮಣೆಯಾಗುತ್ತದೆ, ಆಸ್ಪತ್ರೆಯಲ್ಲಿ ಗುಣವಾಗುತ್ತದೆ, ಆದರೆ ಗುಣವಾಗಿ ಬಂದವಳನ್ನು ಮನೆ ಒಪ್ಪಿಕೊಳ್ಳುವುದಿಲ್ಲ. ಮನಃಶಾಸ್ತ್ರ ಓದಿದ ತ್ರಿವೇಣಿ 1963ರಲ್ಲಿ, ಇನ್ನೂ ಮೂವತ್ತೈದು ದಾಟದ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಪಕ್ಕದ ಮನೆಯ ಸೊಸೆಗೆ ಹೆರಿಗೆಯಾದ ಮೇಲೆ ನಿದ್ದೆ ಹೋಯಿತು, ಮಗುವನ್ನು ಮುಟ್ಟುತ್ತಿರಲಿಲ್ಲ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಅಮ್ಮ ಹೋಗಿ "ಇದು ಗಾಳಿ ಅಲ್ಲ ಕಣ್ರೀ, ಕಾಯಿಲೆ. ಬೆಂಗಳೂರಿನಲ್ಲಿ ಇದಕ್ಕೆ ಆಸ್ಪತ್ರೆ ಇದೆ, ವಾಸಿ ಆಗುತ್ತೆ" ಎಂದಳು. ಅಮ್ಮನ ಮಾತು ಕೇಳಿ ತಕ್ಷಣ ಹೊರಟರು ಎಂದರೆ ಸುಳ್ಳಾದೀತು. ಮೂರು ತಿಂಗಳ ಮೇಲೆ ಹೋದರು. ಆಕೆ ಗುಣವಾಗಿ ಬಂದಳು, ಆ ಮಗುವಿನ ಮದುವೆಯ ಊಟ ನಾನೂ ಉಂಡೆ. ಲೋಯರ್ ಸೆಕೆಂಡರಿ ಓದಿದ ಹೆಂಗಸಿಗೆ ಈ ವಿಷಯ ಹೇಳಿಕೊಟ್ಟದ್ದು ಯಾವ ಗಂಭೀರ ವೈಚಾರಿಕ ಲೇಖನ? ಗೋಣಿದಾರದಲ್ಲಿ ಹೊಲಿದ ಕಾದಂಬರಿ.

ಹಾಗೆಂದು ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳಿ ಎನ್ನುತ್ತಿಲ್ಲ. ಪ್ರೇಮದ ಕಾದಂಬರಿಗಳ ಮೇಲೆ ನನಗೂ ಸಿಟ್ಟಿದೆ. ಕಾಲೇಜಿನಲ್ಲಿ ನಾವು ಗೆಳತಿಯರು ಮಿಲ್ಸ್ ಅಂಡ್ ಬೂನ್ ಪುಸ್ತಕಗಳನ್ನು ಅರ್ಥಶಾಸ್ತ್ರದ ಬೈಂಡಿನೊಳಗೆ ಇಟ್ಟು ಓದಿದವರೇ. ಲಂಡನ್ನಿನಲ್ಲಿ 1908ರಲ್ಲಿ ಶುರುವಾದ ಆ ಪ್ರಕಾಶನದ ಪುಸ್ತಕಗಳು ಕಾಲೇಜು ಹುಡುಗಿಯರ ಹಾಸ್ಟೆಲುಗಳಲ್ಲಿ ಕೈಯಿಂದ ಕೈಗೆ ಹೋಗಿ ಚಿಂದಿಯಾಗುತ್ತಿದ್ದವು. ಅವುಗಳಲ್ಲೂ, ಅವನ್ನು ಅನುಸರಿಸಿದ ನಮ್ಮ ಕೆಲವು ಕಾದಂಬರಿಗಳಲ್ಲೂ ನಾಯಕ ಮಾತೆತ್ತಿದರೆ ಸಿಡುಕುತ್ತಾನೆ, ಕೈ ಹಿಡಿದು ಎಳೆಯುತ್ತಾನೆ, ಒಮ್ಮೊಮ್ಮೆ ಕೆನ್ನೆಗೂ ಬಾರಿಸುತ್ತಾನೆ. ಕೊನೆಯ ಪುಟದಲ್ಲಿ ಅದೆಲ್ಲ ಪ್ರೀತಿ ಎಂದು ಗೊತ್ತಾಗುತ್ತದೆ. ಹದಿನೆಂಟರ ವಯಸ್ಸಿನಲ್ಲಿ ನಾನದನ್ನು ನಂಬಿದ್ದೆ. ಕೋಪಿಷ್ಠನ ಎದೆಯೊಳಗೆ ಪ್ರೀತಿ ಇರುತ್ತದೆ ಎಂದುಕೊಂಡಿದ್ದೆ. ಕೋಪ ಎಂದರೆ ಬರೀ ಕೋಪ ಎಂದು ತಿಳಿಯಲು ಸಂಸಾರ ಮಾಡಬೇಕಾಯಿತು. ಇಂಥ ಪುಸ್ತಕಗಳ ಸುಳ್ಳನ್ನು ಹುಡುಗಿಯರಿಗೆ ಬಿಡಿಸಿ ಹೇಳಬೇಕು. ಆದರೆ ಹೇಳುವವರು ಯಾರು? ಬೈಂಡಿನೊಳಗೆ ಬಚ್ಚಿಟ್ಟು ಓದಿದ ಪುಸ್ತಕದ ಬಗ್ಗೆ ಯಾರ ಹತ್ತಿರವೂ ಮಾತಾಡುವ ಹಾಗಿಲ್ಲವಲ್ಲ. ನಮ್ಮಮ್ಮನ ಮುಂದೆ ಆ ಪುಸ್ತಕ ಬಿಚ್ಚಿ ಓದುವ ಹಾಗಿದ್ದಿದ್ದರೆ ಅವಳು ನಕ್ಕು, "ಹೊಡೆಯೋನು ಹೊಡೆಯೋನೇ ಕಣೆ" ಎಂದು ಒಂದೇ ಮಾತಿನಲ್ಲಿ ಪಾಠ ಮುಗಿಸುತ್ತಿದ್ದಳು. ಕೆಟ್ಟ ಪುಸ್ತಕದ ವಿಷ ಇಳಿಯುವುದು ಬಹಿರಂಗವಾಗಿ ಓದಿದಾಗ. ಬಚ್ಚಿಟ್ಟು ಓದಿದರೆ ಏರುತ್ತದೆ.

ಅದ್ಭುತ ಕಥೆಗಳ ಮಾತು ಬಂದಾಗ ನಮ್ಮ ಸ್ಟಾಫ್ ರೂಮಿನ ವಿಜ್ಞಾನದ ಮೇಷ್ಟ್ರೊಬ್ಬರು "ಮಂತ್ರದ ಕೋಲು, ಹಾರುವ ಹಾವು ಅಂತ ಓದಿದರೆ ವೈಚಾರಿಕತೆ ಎಲ್ಲಿಂದ ಬರಬೇಕು ಮೇಡಂ?" ಎಂದರು. ಅವರು ಸ್ಕೂಟರ್ ಕೊಂಡದ್ದು ರಾಹುಕಾಲ ಕಳೆದ ಮೇಲೆ, ಮಗಳ ಜಾತಕ ಹಿಡಿದು ಮೂರು ಊರು ಸುತ್ತಿದ್ದಾರೆ. ಮಂತ್ರದ ಕೋಲು ಕಥೆಯಲ್ಲಿ ಮಾತ್ರ ಇರುತ್ತದೆ ಎಂದು ಹತ್ತು ವರ್ಷದ ಮಗುವಿಗೂ ಗೊತ್ತು. ವಿಕ್ರಮನ ಹೆಗಲ ಮೇಲಿನ ಬೇತಾಳನನ್ನು ಚಂದಮಾಮದಲ್ಲಿ ನೋಡಿ ಬೆಳೆದ ನಾವ್ಯಾರೂ ಹೆಣ ಹೊರಲು ಸ್ಮಶಾನಕ್ಕೆ ಹೋಗಲಿಲ್ಲ. ಆದರೆ ಬೇತಾಳ ಕೇಳುವ ಪ್ರಶ್ನೆಗೆ ರಾಜ ಏನು ಹೇಳಿಯಾನು ಎಂದು ಪುಟ ತಿರುಗಿಸುವ ಮುಂಚೆ ನಾವೇ ಯೋಚಿಸುತ್ತಿದ್ದೆವು. ನ್ಯಾಯ ಯಾವುದು, ಅನ್ಯಾಯ ಯಾವುದು ಎಂದು ತರ್ಕ ಮಾಡಿದ್ದು ಅಲ್ಲೇ ಮೊದಲು.

ಅದ್ಭುತ ಕಥೆ ನಮ್ಮ ಹೆಂಗಸರಿಗೆ ಪರದೇಶದ್ದೂ ಅಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ, ಹೂವಿನ ಮರವಾಗುವ ಹುಡುಗಿಯದು. ಅಜ್ಜಿಯರು ಹೇಳುತ್ತಿದ್ದ ಕಥೆ. ಗಿರೀಶ ಕಾರ್ನಾಡರು ಅದನ್ನು 1992ರಲ್ಲಿ "ಚೆಲುವಿ" ಎಂದು ಸಿನಿಮಾ ಮಾಡಿದರು. ಹುಡುಗಿ ಮರವಾದಾಗ ಹೂವನ್ನು ನಯವಾಗಿ ಬಿಡಿಸಬೇಕು, ಕೊಂಬೆ ಮುರಿಯಬಾರದು. ಗಂಡನ ಮನೆಯ ಹುಡುಗಿ ಆಟಕ್ಕೆಂದು ಅವಳನ್ನು ಮರವಾಗಿಸಿ ಕೊಂಬೆ ಮುರಿದು ಹೋಗಿಬಿಡುತ್ತಾಳೆ. ಮತ್ತೆ ಮನುಷ್ಯಳಾಗಲು ನೋಡಿದರೆ ಕೈಯಿಲ್ಲ, ಕಾಲಿಲ್ಲ. ಮದುವೆಯಾಗಿ ಬಂದ ಹೆಣ್ಣಿನ ಬಗ್ಗೆ ಇದಕ್ಕಿಂತ ನಿಜವಾದ ಮಾತನ್ನು ಯಾವ ವಾಸ್ತವವಾದಿ ಕಾದಂಬರಿ ಹೇಳಿದೆ? ನೇರವಾಗಿ ಹೇಳಿದರೆ ಅತ್ತೆಯ ಮನೆಯಲ್ಲಿ ಬಾಳುವ ಹಾಗಿರಲಿಲ್ಲ. ಮರ ಎಂದು ಹೇಳಿದರೆ ಅತ್ತೆಯೂ ಕುಳಿತು ಕೇಳಬಹುದಿತ್ತು. ಮಾಯೆಯ ಕಥೆಯ ಉಪಯೋಗ ಇದು.

ಮಗಳು ಬಿಟ್ಟುಹೋದ ಪುಸ್ತಕಗಳಲ್ಲಿ ಅಮೆರಿಕದ ಲೇಖಕಿ ಊರ್ಸುಲಾ ಲೆ ಗ್ವಿನ್ ಅವರ "ಟೆಹಾನು" ಸಿಕ್ಕಿತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದು ತಿಂಗಳು ಓದಿದೆ. ಲೆ ಗ್ವಿನ್ 1968ರಲ್ಲಿ ಮಾಂತ್ರಿಕರ ದ್ವೀಪಗಳ ಕಥೆ ಶುರು ಮಾಡಿದಾಗ ಮಂತ್ರವಿದ್ಯೆಯ ಶಾಲೆಯಲ್ಲಿ ಗಂಡುಹುಡುಗರು ಮಾತ್ರ ಇದ್ದರು. ಇಪ್ಪತ್ತೆರಡು ವರ್ಷದ ಮೇಲೆ, 1990ರಲ್ಲಿ, ಆಕೆ ಅದೇ ಲೋಕಕ್ಕೆ ಮರಳಿ ಬಂದು ಒಬ್ಬ ನಡುವಯಸ್ಸಿನ ವಿಧವೆಯನ್ನು ನಾಯಕಿ ಮಾಡಿದರು. ಟೆನಾರ್ ಅವಳ ಹೆಸರು. ಹೊಲ, ಆಡು, ಅಡುಗೆ. ಬೆಂಕಿಯಲ್ಲಿ ಸುಟ್ಟು ಎಸೆದ ಒಂದು ಮಗುವನ್ನು ಸಾಕಿಕೊಳ್ಳುತ್ತಾಳೆ. ಹಡಗಿನಿಂದ ಮನೆಗೆ ಬಂದ ಅವಳ ಸ್ವಂತ ಮಗ ಉಂಡ ತಟ್ಟೆ ತೊಳೆಯಲು ಒಪ್ಪುವುದಿಲ್ಲ, ಅದು ಹೆಂಗಸರ ಕೆಲಸವಂತೆ. ಮಂತ್ರಶಕ್ತಿ ಕಳೆದುಕೊಂಡ ಮಹಾಮಾಂತ್ರಿಕ ಆ ಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ. ಐವತ್ತು ದಾಟಿದ ನಾನು ಆ ಪುಟ ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ನನ್ನಂಥವಳನ್ನು ಯಾವ ಗಂಭೀರ ಕಾದಂಬರಿಯೂ ನಾಯಕಿ ಮಾಡಿರಲಿಲ್ಲ ಎಂದಲ್ಲ. ಎಂ.ಕೆ. ಇಂದಿರಾ ಅವರ ಫಣಿಯಮ್ಮ ಇದ್ದಾಳೆ. ಆದರೆ ಹಾರುವ ಹಾವಿನ ಕಥೆಯಲ್ಲಿ ನನ್ನ ಸಿಂಕಿನ ಪಾತ್ರೆ ಸಿಕ್ಕೀತು ಎಂದು ನಾನು ಎಣಿಸಿರಲಿಲ್ಲ.

ಕೆಲವರು ದಯೆ ತೋರಿಸುತ್ತಾರೆ. "ಓದಲಿ ಬಿಡಿ, ಇವತ್ತು ಇದನ್ನು ಓದಿದವರು ನಾಳೆ ಕಾರಂತರನ್ನು, ಕುವೆಂಪು ಅವರನ್ನು ಓದುತ್ತಾರೆ" ಎನ್ನುತ್ತಾರೆ. ನಾನೂ ಹಾಗೆಯೇ ಬಂದವಳು, "ಮಲೆಗಳಲ್ಲಿ ಮದುಮಗಳು" ತನಕ ಹೋದವಳು. ಆದರೂ ಈ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಮೆಟ್ಟಿಲು ಎಂದು ಒಪ್ಪಿಕೊಳ್ಳುವುದೆಂದರೆ ಕಾಲಡಿಯದು ಎಂದು ಒಪ್ಪಿಕೊಂಡ ಹಾಗೆ. ಮೇಲೆ ಹತ್ತದೆ ಅಲ್ಲೇ ಕುಳಿತ ನಮ್ಮಮ್ಮ ಏನೂ ಓದಲಿಲ್ಲ ಎಂದು ಅರ್ಥವೇ? ಗಂಡಸು ಐದು ದಿನ ಕ್ರಿಕೆಟ್ ನೋಡಿದರೆ, ಇದರಿಂದ ಮುಂದೆ ಏನು ಕಲಿಯುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಹೆಂಗಸು ಅರ್ಧ ಗಂಟೆ ಕೂತು ಓದಿದರೆ ಮಾತ್ರ ಅದರ ಪ್ರಯೋಜನದ ಲೆಕ್ಕ ಒಪ್ಪಿಸಬೇಕು.

ಮಾಂಗಾ ಪುಸ್ತಕಗಳಿಗೆ ಅವುಗಳ ದೇಶದಲ್ಲೇ ಈ ಕಾಟ ತಪ್ಪಿಲ್ಲ. ಕೆಜಿ ನಾಕಾಜಾವಾ ಆರು ವರ್ಷದವರಿದ್ದಾಗ ಹಿರೋಷಿಮಾದ ಬಾಂಬಿನಲ್ಲಿ ತಂದೆ, ಅಕ್ಕ, ತಮ್ಮನನ್ನು ಕಳೆದುಕೊಂಡವರು. ಅದನ್ನೇ 1973ರಿಂದ "ಬೇರ್‌ಫುಟ್ ಜೆನ್" ಎಂದು ಹುಡುಗರ ವಾರಪತ್ರಿಕೆಯಲ್ಲಿ ಚಿತ್ರಕಥೆ ಮಾಡಿದರು. ಅವರು ತೀರಿಕೊಂಡದ್ದು 2012ರ ಡಿಸೆಂಬರಿನಲ್ಲಿ. ಅದೇ ತಿಂಗಳು ಮಾತ್ಸುಯೆ ನಗರದ ಶಿಕ್ಷಣ ಮಂಡಳಿ, ದೃಶ್ಯಗಳು ಕ್ರೂರವಾಗಿವೆ ಎಂದು ಆ ಪುಸ್ತಕವನ್ನು ಶಾಲಾ ಗ್ರಂಥಾಲಯದ ಕಪಾಟಿನಿಂದ ಒಳಗಿಡಲು ಹೇಳಿತು. ಸುದ್ದಿ ಹೊರಬಿದ್ದು ಜನ ಗಲಾಟೆ ಮಾಡಿದ ಮೇಲೆ 2013ರ ಆಗಸ್ಟಿನಲ್ಲಿ ಹಿಂದೆಗೆಯಿತು. ಬಾಂಬಿಗಿಂತ ಬಾಂಬಿನ ಚಿತ್ರವೇ ಕ್ರೂರವಾಗಿ ಕಾಣುವುದು ನಮ್ಮಂಥ ಮೇಷ್ಟ್ರುಗಳಿಗೇ ಇರಬೇಕು. ಇನ್ನೊಬ್ಬ ಲೇಖಕಿ ರಿಯೊಕೊ ಇಕೆದಾ 1972ರಲ್ಲಿ ಹುಡುಗಿಯರ ಪತ್ರಿಕೆಯಲ್ಲಿ "ದಿ ರೋಸ್ ಆಫ್ ವರ್ಸೇಲ್ಸ್" ಶುರು ಮಾಡಿದರು. ಫ್ರಾನ್ಸಿನ ಮಹಾಕ್ರಾಂತಿಯ ಕಥೆ. ಗಂಡುಡುಗೆ ತೊಟ್ಟ ಸೇನಾಧಿಕಾರಿಣಿ ಕೊನೆಗೆ ಜನರ ಪಕ್ಷ ಸೇರುತ್ತಾಳೆ. ಅದೇ ಕ್ರಾಂತಿಯನ್ನು ನಾನು ಒಂಬತ್ತನೇ ತರಗತಿಗೆ ಕಾರಣಗಳು, ಪರಿಣಾಮಗಳು ಎಂದು ಬರೆಸುತ್ತೇನೆ. ಮಕ್ಕಳು ಆಕಳಿಸುತ್ತಾರೆ.

ಎಲ್ಲ ಮಾಂಗಾ ಮಕ್ಕಳಿಗೆ ಹೇಳಿದ್ದಲ್ಲ, ದೊಡ್ಡವರಿಗೆಂದೇ ಬರೆದವೂ ಇವೆ. ಎಷ್ಟನೇ ವಯಸ್ಸಿನವರಿಗೆ ಎಂದು ಹಿಂಬದಿ ರಟ್ಟಿನ ಮೇಲೆ ಎಷ್ಟೋ ಪ್ರಕಾಶಕರು ಅಚ್ಚು ಹಾಕಿರುತ್ತಾರೆ. ಅದನ್ನು ನೋಡುವ ಹೊಣೆ ತಾಯಿಯದು, ಮೇಷ್ಟ್ರದು. ನೋಡುವುದೆಂದರೆ ತೆರೆದು ಓದುವುದು. ನಾನು ಮಾಡಿದ್ದು ನೋಡುವುದಲ್ಲ. ಮನೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲು ಇರುವ ಈ ಕಾಲದಲ್ಲಿ ಒಂದು ಹುಡುಗಿಯ ಕೈಯಲ್ಲಿ ಪುಸ್ತಕ ಕಂಡರೆ, ಅದನ್ನೇ ಹುಡುಕಿ ಕಿತ್ತುಕೊಳ್ಳುತ್ತೇವಲ್ಲ, ನಮಗೇನಾಗಿದೆ?

ಆ ಹುಡುಗಿಗೆ ಪುಸ್ತಕ ವಾಪಸು ಕೊಡಲು ಹೋದೆ. ತಪ್ಪಾಯಿತು ಎಂದೂ ಹೇಳಿದೆ. ಅವಳು ಅಳಲಿಲ್ಲ, ಸಿಟ್ಟು ಮಾಡಲಿಲ್ಲ. "ಬೇಡ ಮಿಸ್, ಮನೇಲಿ ಬೈತಾರೆ. ನಿಮ್ಮ ಹತ್ರಾನೇ ಇರ್ಲಿ" ಎಂದಳು. "ಚಿತ್ರ ಬರೀತಿದ್ದೀಯಾ?" ಎಂದೆ. "ಇಲ್ಲ ಮಿಸ್, ಓದೋದಿದೆ" ಎಂದಳು. ಒಳ್ಳೆಯ ಅಂಕ ತೆಗೆದುಕೊಂಡು ಪಾಸಾದಳು. ಅವಳ ತಾಯಿ ಪೇಡ ಹಿಡಿದು ಬಂದು "ನೀವು ಅವತ್ತು ಗದರಿದ್ದಕ್ಕೇ ಇಷ್ಟು ಅಂಕ ಬಂತು ಮೇಡಂ" ಎಂದು ನನಗೆ ಕೈಮುಗಿದರು. ಆ ಪೇಡ ಗಂಟಲಲ್ಲಿ ಇಳಿಯಲಿಲ್ಲ. ಆಗಲಾದರೂ ಆಕೆಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ಎರಡನೆಯ ತಪ್ಪು. ಆಕೆಗೆ ಹೇಳದ್ದನ್ನೇ ಇಲ್ಲಿ ಬರೆದಿದ್ದೇನೆ.

ಆದ್ದರಿಂದ ಈ ಪುಟ ಓದುವ ತಾಯಂದಿರಿಗೆ, ಟೀಚರುಗಳಿಗೆ ನನ್ನದು ಒಂದೇ ಮಾತು. ಮಗಳ ಕೈಯಿಂದ ಪುಸ್ತಕ ಕಿತ್ತುಕೊಳ್ಳುವ ಮುಂಚೆ ಅದರ ಹತ್ತು ಪುಟ ಓದಿ. ಬಲದಿಂದ ಎಡಕ್ಕೆ ಓದಬೇಕಾದರೆ ಹೇಗೆಂದು ಅವಳನ್ನೇ ಕೇಳಿ, ಹೇಳಿಕೊಡುತ್ತಾಳೆ. ಓದಿದ ಮೇಲೂ ಕಿತ್ತುಕೊಳ್ಳಬೇಕು ಎನಿಸಿದರೆ ಕಿತ್ತುಕೊಳ್ಳಿ, ಏಕೆ ಎಂದು ಅವಳಿಗೆ ಹೇಳಿ. ನೀವು ಕಾದಂಬರಿ ಓದುವವರಾದರೆ ಸೆರಗಿನಿಂದ ಹೊರಗೆ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಜಗುಲಿಯಲ್ಲಿ ಕುಳಿತು ಓದಿ. ಹಾಲು ಉಕ್ಕಿದರೆ ಮನೆಯಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ, ಒಲೆ ಆರಿಸಲಿ.